ಸಣ್ಣ ಕಣ್ಣಿನ ಬಲೆ

ಜೂನ್ ಹನ್ನೊಂದಕ್ಕೆ ಬಂತು ಪಾರ್ಸೆಲ್,
ಕೊಣಾಜೆ ಗುಡ್ಡೆಯ ಮೇಲೆ ಮಳೆ ಅಡ್ಡಡ್ಡ ಹೊಡೆಯುವಾಗ.
ಒಳಗೆ ಇನ್ನೂರ ಹನ್ನೆರಡು ಲಕೋಟೆ,
ಒಂದೊಂದರಲ್ಲೂ ರೋಹಿಡಾ ಮರದ ಮೂರು ಒಣ ಎಲೆ,
ಜೊತೆಗೊಂದು ಹಿಡಿ ಸಿಲಿಕಾ ಹರಳು.
ಖೇತಾರಾಮನ ಕೈಬರಹ ಇರುವೆ ಸಾಲಿನ ಹಾಗೆ:
ಬಾಡ್‌ಮೇರ್ ಹದಿನೇಳು. ಬಾವಿಯ ಪಕ್ಕ. ಹೂ ಕೆಂಪು.
ಚೂರು ನಲವತ್ತು. ರಸ್ತೆ ಬದಿ. ಹೂ ಹಳದಿ.
ಜೈಸಲ್ಮೇರ್ ಮೂರು. ಎಲೆ ಕಿತ್ತ ಮರುವಾರ ಕಡಿದರು.

ಬಾಯಿ ಬಿಚ್ಚಿ ಅರ್ಧ ಗಂಟೆಯಿಲ್ಲ,
ನೀಲಿ ಹರಳು ಗುಲಾಬಿಗೆ ತಿರುಗಿತು,
ನಮ್ಮೂರ ಗಾಳಿ ಕುಡಿದು.
"ಬೇಗ ಮುಚ್ಚು ಮಾರಾಯ್ತಿ," ಅಂದರು ಲವೀನಾ ಮೇಡಂ,
"ಜನ್ಮವಿಡೀ ಬಾಯಾರಿ ನಿಂತ ಮರ
ಇಲ್ಲಿ ಬಂದು ಬೂಷ್ಟು ಹಿಡಿಯುವುದು ಬೇಡ."

ನನ್ನ ಕೆಲಸ ಅರೆಯುವುದು.
ದ್ರವ ನೈಟ್ರೋಜನ್ ಹೊಯ್ದರೆ ಒರಳಿನಿಂದ ಬಿಳಿ ಹೊಗೆ,
ಎಲೆ ಗಾಜಿನಂತೆ ಒಡೆದು ಹಸಿರು ಹುಡಿ.
ಆಮೇಲೆ ಯಂತ್ರದೊಳಗೆ ಮೂವತ್ತೈದು ಸುತ್ತು,
ಆಮೇಲೆ ಜೆಲ್, ಕತ್ತಲೆ ಕೋಣೆ, ಗೆರೆಗಳು.

ಗೆರೆ ಓದಲು ಬಂದ ಮೇಲೆ ಹೆದರಿಕೆಯೂ ಬಂತು.
ಚೂರುವಿನ ಐವತ್ತೆಂಟು ಮರಕ್ಕೂ ಹೆಚ್ಚುಕಡಿಮೆ ಒಂದೇ ನಮೂನೆ.
ಒಂದೇ ನರ್ಸರಿ, ಒಂದೇ ತಾಯಿ ಇರಬೇಕು.
ಒಂದಕ್ಕೆ ತಗಲಿದ ರೋಗ ಉಳಿದವಕ್ಕೆ ದಾರಿ ಕೇಳಬೇಕಾಗಿಲ್ಲ.
ಅಲ್ಲಿ ಕಾಡು ಬೆಳೆಸಿದ್ದೇವೆಂದು ಬೋರ್ಡು ಹಾಕಿದ್ದಾರಂತೆ.

ಮೇಡಂ ಗೋಡೆಯ ಫೋಟೊದಲ್ಲಿ
ನಮ್ಮ ಬೆಂಗ್ರೆಯ ಸೇಠರ ಮರದ ಹೂ ಕಂಡಿದ್ದೆ.
ಹೇಳಲು ನಾಚಿಕೆ. ಒಂದು ಶನಿವಾರ ಸುಮ್ಮನೆ
ಅದರ ಎಲೆಯನ್ನೂ ಅರೆದೆ.
ಬಂದರಿನಿಂದ ದೋಣಿ ದಾಟಿದರೆ ಮೊದಲು ಕಾಣುವುದೇ ಅದು,
ಸೊಂಟ ಬಾಗಿ, ಒಂಟಿ, ಬಲೆ ಒಣಗಿಸಲು ಒಳ್ಳೆಯ ಎತ್ತರ.
ಫೆಬ್ರವರಿಯಲ್ಲಿ ಕಿತ್ತಳೆ ಹೂ, ಸೂರಕ್ಕಿಗಳ ಗಲಾಟೆ,
ಕಾಯಿ ಮಾತ್ರ ಯಾರೂ ಕಂಡದ್ದಿಲ್ಲ.
ಕಚ್ಚಿ ಸೇಠ್ ನೆಟ್ಟದ್ದು ಅನ್ನುತ್ತಾರೆ.
ದೂಮಣ್ಣ ಮಾವ ಒಪ್ಪುವುದಿಲ್ಲ:
"ಹಂಚು ಒಯ್ದ ಮಂಜಿ ಖಾಲಿ ಬರಬಾರದೆಂದು
ಅಲ್ಲಿಯ ಮರಳು ತುಂಬಿಸುತ್ತಿದ್ದರು, ಇಲ್ಲಿ ಸುರಿಯುತ್ತಿದ್ದರು.
ಅದರೊಟ್ಟಿಗೆ ಬಂದದ್ದು.
ಸೇಠ್ ನೆರಳಲ್ಲಿ ಕೂತದ್ದು, ಅಷ್ಟೆ."

ಜೆಲ್‌ನ ಕೊನೆಯ ಓಣಿ ಅದರದ್ದು.
ಮೇಲಿಂದ ಎರಡನೆಯ ಗೆರೆ
ಇನ್ನೂರ ಹನ್ನೆರಡರಲ್ಲೂ ಇಲ್ಲದ್ದು.
"ಏನೋ ಬೆರಕೆಯಾಗಿದೆ, ಮತ್ತೆ ಮಾಡು."
ಮತ್ತೆ ಮಾಡಿದೆ. ಮೂರನೆಯ ಸಲ ಮೇಡಂ ತಾವೇ ಅರೆದರು.
ಗೆರೆ ಅಲ್ಲೇ ಇತ್ತು.
ಅವರು ತುಂಬ ಹೊತ್ತು ಲೈಟು ಹಾಕಲಿಲ್ಲ.

ತನ್ನ ಪರಾಗ ತನಗೇ ಆಗದ ಜಾತಿ.
ಮಾವನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.
"ಒಂದೇ ಬರಿಯವರು ಮದುವೆಯಾಗುವುದುಂಟಾ?" ಅಂದ.
ಖೇತಾರಾಮ್ ಐಸ್ ಡಬ್ಬಿಯಲ್ಲಿ ಪರಾಗ ಕಳಿಸಿದ,
ಬಾವಿಯ ಪಕ್ಕದ ಹದಿನೇಳನೆಯದ್ದು.
ದೋಣಿಗೆ ಹೆಸರು ಬರೆಯುವ ಬ್ರಷ್ ಹಿಡಿದು
ನಾನು ಏಣಿ ಹತ್ತಿದೆ. ಅರುವತ್ತು ಹೂ.
ಹಿಡಿದದ್ದು ಐದು ಕಾಯಿ,
ಎರಡನ್ನು ಗಾಳಿ ಉದುರಿಸಿತು.

ಬೀಜಕ್ಕೆ ರೆಕ್ಕೆ ಉಂಟು. ಬಿರಿದರೆ ನೇರ ಸಮುದ್ರಕ್ಕೆ.
ಕಾಯಿಗೆ ಚೀಲ ಕಟ್ಟಬೇಕು.
"ಕಣ್ಣು ಎಷ್ಟು ಸಣ್ಣ?" ಕೇಳಿದ ಮಾವ.
"ಕಿರುಬೆರಳಿನ ಉಗುರಿಗಿಂತ."
ಸಣ್ಣ ಕಣ್ಣಿನ ಬಲೆ ಮರಿಗಳನ್ನು ಬಾಚುತ್ತದೆಂದು
ಸ್ವಂತ ತಮ್ಮನ ಜೊತೆ ಮಾತು ಬಿಟ್ಟವ ಅವನು,
ಹದಿನಾರು ವರ್ಷವಾಯಿತು.
ಏನೂ ಹೇಳದೆ ನೂಲು ತೆಗೆದ.
ಮೂರು ರಾತ್ರಿ, ಮೂರು ಚೀಲ.

ನಾಲ್ಕನೆಯ ಬೆಳಿಗ್ಗೆ ತಾನೇ ಏಣಿ ಹತ್ತಿ ಕಟ್ಟಿ ಇಳಿದು,
ಕೈ ಉಜ್ಜಿಕೊಳ್ಳುತ್ತ ಹೇಳಿದ:
"ಬೀಜ ತೆಗೆದ ದಿನವೇ ಇದನ್ನು ಸುಟ್ಟುಬಿಡು.
ಯಾರಾದರೂ ನೋಡಿ ಕಲಿತಾರು."